ಎಂಜಿನ್ನಿನ ತೂಬು

ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯದ ರೈತರಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ನೀರು ತುಂಬಿದಾಗ ತೂಬನ್ನು ಒಂದು ಗಳಿಗೆ ತೆರೆದರೆ ಹೊಲ ತೊಯ್ಯುತ್ತದೆ. ನೀರು ತಗ್ಗಿದಾಗ ಅಷ್ಟೇ ಹೊತ್ತು ತೆರೆದರೆ ಕಾಲುವೆಯೂ ತುಂಬದು. ತೂಬು ಅದೇ, ಒತ್ತಡ ಬೇರೆ. ಮೋಟಾರು ಕಾರಿಗೆ ಪೆಟ್ರೋಲು ಉಣಿಸಿದವರನ್ನು ಮೊದಲಿನಿಂದಲೂ ಕಾಡಿದ ತೊಡಕು ಇದೇ.

1908ರ ಫೋರ್ಡ್ ‘ಟಿ’ ಕಾರಿನಲ್ಲಿ ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಬರುತ್ತಿತ್ತು. ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ಏರು ಎದುರಾದರೆ ಹರಿವು ನಿಲ್ಲುತ್ತಿತ್ತು. ಆಗ ಕಾರನ್ನು ಹಿಮ್ಮುಖವಾಗಿ ಏರು ಹತ್ತಿಸುತ್ತಿದ್ದರು! ಮುಂದೆ ಪಂಪು ಬಂದಿತು. ಅದರ ಸ್ಪ್ರಿಂಗು ಒತ್ತಡವನ್ನು ಮಿತಿಯಲ್ಲಿಟ್ಟಿತು. ಕಾರ್ಬುರೇಟರಿನ ತೇಲುಬೆಂಡು ಮಟ್ಟವನ್ನು ಕಾಯ್ದಿತು. ಆದರೆ ಆ ಒತ್ತಡ ಅಲ್ಪ. ಕೊಟ್ಟೂರಿನ ತೇರಿಗೋ ಹಡಗಲಿ ಸೀಮೆಯ ಮೈಲಾರದ ಜಾತ್ರೆಗೋ ಹೊರಟ ಹಳೆಯ ಕಾರು ಬಿಸಿಲಿನಲ್ಲಿ, ಜನಸಂದಣಿಯ ನಡುವೆ ತೆವಳುವಾಗ ಕೊಳವೆಯಲ್ಲೇ ಪೆಟ್ರೋಲು ಕುದಿದು ಆವಿಯಾಗಬಹುದು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುವುದೇ ಅದಕ್ಕೆ ಮದ್ದು.

1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಜೆಕ್ಷನ್ ಏರ್ಪಾಡು ಫೋಕ್ಸ್‌ವಾಗನ್ ಕಾರಿಗೆ ಬಂದಿತು. ಒತ್ತಡ ಸುಮಾರು ಎರಡು ವಾಯುಭಾರ. ಇಂಜೆಕ್ಟರು ತೆರೆದಿರುವ ಕಾಲವೇ ಇಲ್ಲಿ ಪೆಟ್ರೋಲಿನ ಅಳತೆ. ಆದಕಾರಣ ಒತ್ತಡ ಕದಲಕೂಡದು. ಅದನ್ನು ಕಾಯುವುದು ಒಂದು ಪುಟ್ಟ ಡಬ್ಬಿ: ಒಳಗೊಂದು ರಬ್ಬರು ಪೊರೆ, ಹಿಂದೆ ಸ್ಪ್ರಿಂಗು. ಒತ್ತಡ ಮಿತಿಮೀರಿದರೆ ಪೊರೆ ಹಿಂಜರಿದು ಬಾಗಿಲು ತೆರೆಯುತ್ತದೆ. ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳುತ್ತದೆ. ಮುಂದೆ ಹಲವು ಕಾರುಗಳಲ್ಲಿ ಎಂಜಿನ್ನು ಗಾಳಿ ಸೆಳೆಯುವ ಕೊಳವೆಯನ್ನೂ ಪೊರೆಯ ಹಿಂದಕ್ಕೆ ಜೋಡಿಸಿದರು. ಇಂಜೆಕ್ಟರಿನ ಎರಡು ಬದಿಯ ಒತ್ತಡಗಳ ಅಂತರ ಹೀಗೆ ಸಮವಾಗಿ ಉಳಿಯಿತು.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಾರ್ಖಾನೆ ಡೀಸೆಲ್ ಪಂಪುಗಳಿಗೆ ಹೆಸರಾಯಿತು. 2008ರಲ್ಲಿ ಬಾಷ್ ಎಂದೇ ಹೆಸರು ಪಡೆಯಿತು. ಕೂಡ್ಲಿಗಿಯ ಹೆದ್ದಾರಿಯಲ್ಲಿ ಓಡುವ ಹೊಸ ಡೀಸೆಲ್ ಗಾಡಿಗಳಲ್ಲಿ ಒತ್ತಡ ಸಾವಿರ ವಾಯುಭಾರವನ್ನೂ ಮೀರುತ್ತದೆ, ಕಾವಲಿಗೆ ಕಂಪ್ಯೂಟರಿದೆ.

ಓದುಗರೇ, ಪೊರೆ ಹರಿದರೆ ಪೆಟ್ರೋಲು ಗಾಳಿಯ ಕೊಳವೆಗೆ ನುಗ್ಗುತ್ತದೆ. ಕಪ್ಪು ಹೊಗೆ ಏಳುತ್ತದೆ, ಖರ್ಚು ಏರುತ್ತದೆ. ಹರಪನಹಳ್ಳಿಯಲ್ಲಾಗಲಿ ಬೇರೆಲ್ಲಾಗಲಿ, ಪಂಪನ್ನೇ ಬದಲಿಸಹೊರಟ ಮಿಸ್ತ್ರಿಗೆ ಮೊದಲು ಮಾಪಕವಿಟ್ಟು ಒತ್ತಡ ನೋಡಲು ಹೇಳಿರಿ. ನೀವಾಗಿ ಕೊಳವೆ ಬಿಚ್ಚಬೇಡಿರಿ: ಎಂಜಿನ್ನು ನಿಂತರೂ ಒಳಗೆ ಒತ್ತಡ ಉಳಿದಿರುತ್ತದೆ, ಪೆಟ್ರೋಲು ಚಿಮ್ಮಿದರೆ ಬೆಂಕಿ ದೂರವಿಲ್ಲ. ತುಂಬಿದ ಕೆರೆಯ ತೂಬನ್ನು ಅರಿಯದವರು ಮುಟ್ಟುವುದುಂಟೆ?