ಬೇರುತುದಿಯ ಆಕರಕೋಶಗಳು ಮತ್ತು ಆಮ್ಲಜನಕದ ಕೊರತೆ: ಎಥಿಲೀನ್ ಪಾತ್ರದ ಮರುಪರಿಶೀಲನೆ

ಬೇರಿನ ತುದಿಯಲ್ಲಿ ತೀರ ಅಪರೂಪಕ್ಕೆ ವಿಭಜನೆಗೊಳ್ಳುವ ಕೋಶಗಳ ಗುಂಪೊಂದಿದೆ ಎಂದು ಕ್ಲೋಸ್ 1950ರ ದಶಕದಲ್ಲಿ ತೋರಿಸಿದರು. ಈ ನಿಶ್ಚಲ ಕೇಂದ್ರವೇ ಸುತ್ತಲಿನ ಆಕರಕೋಶಗಳನ್ನು ಕಾಯುತ್ತದೆಂಬುದು 1997ರ ಲೇಸರ್ ಪ್ರಯೋಗಗಳಿಂದ ಸ್ಪಷ್ಟವಾಯಿತು. ಆಮ್ಲಜನಕ ಇದ್ದಾಗ ನಾಶವಾಗಿ, ಕಡಿಮೆಯಾದಾಗ ಉಳಿದುಕೊಂಡು ರಕ್ಷಣಾ ವಂಶವಾಹಿಗಳನ್ನು ಚಾಲನೆಗೊಳಿಸುವ ಇಆರ್‌ಎಫ್-7 ಪ್ರೋಟೀನುಗಳ ವಿಚಾರ 2011ರಲ್ಲಿ ಹೊರಬಂತು. ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತಕರಾರು ಇರುವುದು ಎಥಿಲೀನ್ ಬಗ್ಗೆ. ಮೀರಾ, ಹಿಲ್ ಮತ್ತು ಸ್ಟಾಸೊಲ್ಲಾ (2016) ಮೆಕ್ಕೆಜೋಳದ ಬೇರುಗಳನ್ನು ಶೇ. 4ರ ಆಮ್ಲಜನಕದಲ್ಲಿಟ್ಟು ನೋಡಿದರು. ನೈಟ್ರಿಕ್ ಆಕ್ಸೈಡನ್ನು ಹೀರಿಕೊಳ್ಳುವ ಫೈಟೊಗ್ಲೋಬಿನ್ ತಗ್ಗಿಸಿದ ಸಸಿಗಳಲ್ಲಿ ಎಥಿಲೀನ್ ಏರಿತು, ಬೇರುತುದಿಯ ವರ್ಧನ ಅಂಗಾಂಶದಲ್ಲಿ ಯೋಜಿತ ಕೋಶಮರಣ ಕಾಣಿಸಿತು. ಎಥಿಲೀನ್ ಗ್ರಹಿಕೆಯನ್ನು ತಡೆದಾಗ ಸಾವು ತಗ್ಗಿ ಬೆಳವಣಿಗೆ ಮರಳಿತು. ಇದರಂತೆ ಎಥಿಲೀನ್ ಮಾರಕ. ಹಾರ್ಟ್‌ಮನ್ ಮತ್ತು ಸಂಗಡಿಗರು (2019) ಅರಬಿಡಾಪ್ಸಿಸ್‌ನಲ್ಲಿ ಕಂಡದ್ದು ಇದಕ್ಕೆ ವಿರುದ್ಧ: ಮುಂಚಿತವಾಗಿ ಕೊಟ್ಟ ಎಥಿಲೀನ್ ಫೈಟೊಗ್ಲೋಬಿನ್ ಹೆಚ್ಚಿಸಿ, ನೈಟ್ರಿಕ್ ಆಕ್ಸೈಡನ್ನು ಇಳಿಸಿ, ಇಆರ್‌ಎಫ್-7 ಪ್ರೋಟೀನುಗಳನ್ನು ಉಳಿಸುತ್ತದೆ, ಮುಂದೆ ಬರುವ ಕೊರತೆಯನ್ನು ಸಸಿ ತಾಳಿಕೊಳ್ಳುತ್ತದೆ.

ಈ ವಿರೋಧವನ್ನು ಸಸ್ಯಜಾತಿಗಳ ವ್ಯತ್ಯಾಸವೆಂದು ಬದಿಗಿಡುವುದು ಸುಲಭ. ಆದರೆ ಹಾಗೆ ಮಾಡಿದರೆ ಎರಡೂ ವಾದಗಳು ಫೈಟೊಗ್ಲೋಬಿನ್‌ನಲ್ಲೇ ಸಂಧಿಸುತ್ತವೆ ಎಂಬುದನ್ನು ಕಡೆಗಣಿಸಿದಂತಾಗುತ್ತದೆ. ನೀರಿನಲ್ಲಿ ಅನಿಲಗಳು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತವೆ. ಆದ್ದರಿಂದ ಮುಳುಗಿದ ಬೇರಿನಲ್ಲಿ ಅದೇ ತಯಾರಿಸಿದ ಎಥಿಲೀನ್ ಹೊರಹೋಗದೆ, ಆಮ್ಲಜನಕ ಪೂರ್ತಿ ಇಳಿಯುವ ಮೊದಲೇ ಕೂಡಿಬೀಳುತ್ತದೆ. ಆ ಹೊತ್ತಿಗೆ ಫೈಟೊಗ್ಲೋಬಿನ್ ಸಿದ್ಧವಾದರೆ ಎಥಿಲೀನ್ ಮುನ್ಸೂಚನೆ. ಸಿದ್ಧವಾಗದಿದ್ದರೆ ಉಳಿದ ನೈಟ್ರಿಕ್ ಆಕ್ಸೈಡ್ ಇನ್ನಷ್ಟು ಎಥಿಲೀನ್ ಹುಟ್ಟಿಸುತ್ತದೆ, ಅದರಿಂದ ಪ್ರತಿಕ್ರಿಯಾಶೀಲ ಆಮ್ಲಜನಕ ರೂಪಗಳು ಹೆಚ್ಚಿ ಕೋಶ ಸಾಯುತ್ತದೆ. ಮೀರಾ ತಂಡದ ಸಸಿಗಳಲ್ಲಿ ಮೊದಲೇ ತೆಗೆದುಹಾಕಿದ್ದು ಈ ರಕ್ಷಣೆಯನ್ನೇ.

ಹೀಗಾಗಿ ನನ್ನ ವಾದವಿದು: ಆಕರಕೋಶಗಳ ಅಳಿವು-ಉಳಿವನ್ನು ನಿರ್ಧರಿಸುವುದು ಎಥಿಲೀನ್‌ನ ಪ್ರಮಾಣಕ್ಕಿಂತ ಅದು ಬಂದ ಹೊತ್ತು. ಇದನ್ನು ಕೆಲವು ಷರತ್ತುಗಳೊಡನೆಯೇ ಮುಂದಿಡಬೇಕು. ಫೈಟೊಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನು ತೆಗೆಯುವಾಗ ಎನ್‌ಎಡಿಎಚ್ ಕೂಡ ಉತ್ಕರ್ಷಣಗೊಳ್ಳುವುದರಿಂದ, ಕೋಶಗಳನ್ನು ಉಳಿಸಿದ್ದು ಸಂಕೇತದ ಬದಲಾವಣೆಯೋ ಶಕ್ತಿಯ ಉಳಿತಾಯವೋ ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಅಧ್ಯಯನಗಳ ಅಳತೆಗೋಲು ಒಂದೇ ಅಲ್ಲ: ಒಂದು ವರ್ಧನ ಅಂಗಾಂಶದ ಕೋಶಮರಣವನ್ನು ನೋಡಿದರೆ ಇನ್ನೊಂದು ಇಡೀ ತುದಿಯ ಉಳಿವನ್ನು ಎಣಿಸಿದೆ. ತುದಿ ಉಳಿದ ಮಾತ್ರಕ್ಕೆ ಮೂಲ ಆಕರಕೋಶಗಳು ಉಳಿದವೆಂದು ಹೇಳಲಾಗದು. ಕ್ರಿಯಾಶೀಲ ಆಕರಕೋಶ ನೆಲೆ ಇಲ್ಲದೆಯೂ ಕತ್ತರಿಸಿದ ತುದಿ ಮರುಹುಟ್ಟು ಪಡೆಯಬಲ್ಲದೆಂದು ಸೇನಾ ಮತ್ತು ಇತರರು 2009ರಲ್ಲಿ ತೋರಿಸಿದ್ದಾರೆ.

ಫೈಟೊಗ್ಲೋಬಿನ್ ಸಹಜವಾಗಿರುವ ಬೇರುಗಳಲ್ಲಿ ಎಥಿಲೀನ್ ಗ್ರಹಿಕೆಯನ್ನು ಮುಳುಗಿಸುವ ಮೊದಲೂ ನಂತರವೂ ಪ್ರತ್ಯೇಕವಾಗಿ ತಡೆದು, ನಿಶ್ಚಲ ಕೇಂದ್ರದ ಗುರುತಾದ ಡಬ್ಲ್ಯುಒಎಕ್ಸ್-5 ವಂಶವಾಹಿಯನ್ನು ಹಿಂಬಾಲಿಸಿದರೆ ಈ ವಾದ ನಿಲ್ಲುವುದೋ ಬೀಳುವುದೋ ತಿಳಿಯುತ್ತದೆ. ಆಮ್ಲಜನಕ ಕ್ರಮೇಣ ಇಳಿಯುವ ಮಣ್ಣಿನಲ್ಲಿ ಮುನ್ಸೂಚನೆಗೆ ಎಷ್ಟು ಕಾಲಾವಕಾಶ ಸಿಗುತ್ತದೆಂಬ ಪ್ರಶ್ನೆಯನ್ನು ಈ ಲೇಖನ ಬಗೆಹರಿಸಿಲ್ಲ.