ಬೇಕಿಂಗ್ ಅಳತೆ: ಕಪ್ಪಿನಿಂದ ಗ್ರಾಂಗೆ

ಕೇಕು, ಬ್ರೆಡ್ಡು, ಬಿಸ್ಕತ್ತು ಮಾಡುವಾಗ ಕಪ್ಪು-ಚಮಚಗಳಲ್ಲಿ ಹೇಳಿದ ಸಾಮಗ್ರಿಯನ್ನು ತೂಕಕ್ಕೆ ಬದಲಿಸಿಕೊಳ್ಳುವ ಕ್ರಮ. ಇದರ ಇತಿಹಾಸ ಬಹುಮಟ್ಟಿಗೆ ಅಮೆರಿಕದ ಅಡುಗೆಮನೆಯದು. ಯುರೋಪಿನ ಬಹುತೇಕ ಮನೆಗಳು ಹಿಟ್ಟು-ಸಕ್ಕರೆಗೆ ತಕ್ಕಡಿಯನ್ನೇ ನೆಚ್ಚಿಕೊಂಡಿದ್ದರಿಂದ ಅಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ.

ಅಮೆರಿಕವೂ ತೂಕದಿಂದಲೇ ಆರಂಭಿಸಿತ್ತು. 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ಯಲ್ಲಿ ಕೇಕುಗಳ ಲೆಕ್ಕ ಪೌಂಡುಗಳಲ್ಲಿದೆ. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಸಮತೂಕ ಹಾಕುವ ಪೌಂಡ್ ಕೇಕಿಗೆ ಹೆಸರು ಬಂದದ್ದೇ ತಕ್ಕಡಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಟೀ ಕಪ್ಪು, ವೈನ್ ಲೋಟ, ‘ಮೊಟ್ಟೆ ಗಾತ್ರದ ಬೆಣ್ಣೆ’ ಇಂಥ ಅಳತೆಗಳು ಬಳಕೆಗೆ ಬಂದವು. ಒಬ್ಬರ ಮನೆಯ ಕಪ್ಪಿನ ಗಾತ್ರ ಇನ್ನೊಬ್ಬರ ಮನೆಯ ಕಪ್ಪಿಗೆ ಇರುತ್ತಿರಲಿಲ್ಲ.

ಈ ಗೊಂದಲಕ್ಕೆ ಶಿಸ್ತು ತಂದವರಲ್ಲಿ ಫ್ಯಾನಿ ಫಾರ್ಮರ್ ಪ್ರಮುಖರು. ಹದಿಹರೆಯದಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಓದು ನಿಂತಿದ್ದ ಅವರು ಮುಂದೆ ಬಾಸ್ಟನ್ ಅಡುಗೆ ಶಾಲೆ ಸೇರಿ, ಅದರ ಮುಖ್ಯಸ್ಥೆಯೂ ಆದರು. 1896ರಲ್ಲಿ ಪ್ರಕಟವಾದ ಅವರ ‘ಬಾಸ್ಟನ್ ಕುಕಿಂಗ್ ಸ್ಕೂಲ್ ಕುಕ್ ಬುಕ್’ ಅರ್ಧ ಪಿಂಟ್ ಹಿಡಿಯುವ ಗೊತ್ತಾದ ಕಪ್ಪನ್ನೇ ಬಳಸಬೇಕು, ತುಂಬಿದ ಮೇಲೆ ಚಾಕುವಿನಿಂದ ಬಾಯಿಮಟ್ಟಕ್ಕೆ ಸವರಬೇಕು ಎಂದು ವಿಧಿಸಿತು. ಕಪ್ಪಿಗೆ ಪಟ್ಟ ಕಟ್ಟಿದ ಅದೇ ಪುಸ್ತಕದಲ್ಲಿ ತೂಕದ ಕೋಷ್ಟಕವೂ ಇತ್ತು: ಒಂದು ಪೌಂಡಿಗೆ ಬೆಣ್ಣೆ 2 ಕಪ್ಪು, ಹರಳು ಸಕ್ಕರೆ 2, ಕೇಕಿನ ನಯವಾದ ಹಿಟ್ಟು 4, ದೊಡ್ಡ ಮೊಟ್ಟೆ 9. ಬೆಣ್ಣೆಯ ಲೆಕ್ಕ ಇಂದಿಗೂ ಅಲುಗಿಲ್ಲ. ಕಪ್ಪಿಗೆ 227 ಗ್ರಾಂ.

ಕದಲುತ್ತಲೇ ಬಂದಿರುವುದು ಹಿಟ್ಟು. ಫಾರ್ಮರ್ ಲೆಕ್ಕದಲ್ಲಿ ಕಪ್ಪಿಗೆ ಸುಮಾರು 113 ಗ್ರಾಂ. ಇಂದು ಕಿಂಗ್ ಆರ್ಥರ್ ಹಿಟ್ಟಿನ ಕಂಪನಿ 120 ಎನ್ನುತ್ತದೆ, ಅಮೆರಿಕದ ಕೃಷಿ ಇಲಾಖೆ 125, ‘ಅಮೆರಿಕಾಸ್ ಟೆಸ್ಟ್ ಕಿಚನ್’ ಎಂಬ ಅಡುಗೆ ಕಾರ್ಯಕ್ರಮ 142. ಇವುಗಳಲ್ಲಿ ಯಾವುದೂ ತಪ್ಪಲ್ಲ. ಜರಡಿ ಹಿಡಿದ ಹಿಟ್ಟಿನ ತುಂಬ ಗಾಳಿ. ಚೀಲಕ್ಕೇ ಕಪ್ಪು ಅದ್ದಿ ಎತ್ತಿದರೆ ಹಿಟ್ಟು ಅಡಕವಾಗಿ ಕೂರುತ್ತದೆ. ಹೀಗಾಗಿ ಪರಿವರ್ತನೆ ಬರೀ ಗುಣಾಕಾರವಲ್ಲ. ಪಾಕ ಬರೆದವರು ಕಪ್ಪನ್ನು ಹೇಗೆ ತುಂಬಿದ್ದರು ಎಂದು ಊಹಿಸದೆ ಅದು ಆಗುವುದಿಲ್ಲ. ಇದನ್ನು ಮನೆಮಂದಿಗೆ ಮನವರಿಕೆ ಮಾಡಿದ ಶ್ರೇಯಸ್ಸಿನ ದೊಡ್ಡ ಪಾಲು ರೋಸ್ ಲೆವಿ ಬೆರನ್‌ಬಾಮ್ ಅವರಿಗೆ ಸಲ್ಲಬೇಕು. 1988ರ ‘ದಿ ಕೇಕ್ ಬೈಬಲ್’ನಲ್ಲಿ ಅವರು ಕಪ್ಪಿನ ಪಕ್ಕದಲ್ಲೇ ಔನ್ಸ್ ಮತ್ತು ಗ್ರಾಂಗಳನ್ನು ಸಾಲಾಗಿ ಕೊಟ್ಟರು. ವೃತ್ತಿಯ ಬೇಕರಿಗಳಿಗೆ ಇದು ಹೊಸತಲ್ಲ. ಹಿಟ್ಟಿನ ತೂಕವನ್ನು 100 ಎಂದಿಟ್ಟುಕೊಂಡು ಉಳಿದೆಲ್ಲವನ್ನೂ ಶೇಕಡಾವಾರು ತೂಗುವುದೇ ಅಲ್ಲಿನ ಪದ್ಧತಿ.

ಕಪ್ಪೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ್ದು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯದ್ದು 250, ಜಪಾನಿನದು 200. ಭಾರತದ ಅಂಗಡಿಗಳಲ್ಲಿ 240 ಮತ್ತು 250 ಎರಡೂ ಸಿಗುವುದರಿಂದ, ಅಮೆರಿಕದ ಪಾಕ ನೋಡಿ ಕೇಕು ಮಾಡುವ ನಮ್ಮವರು ಕಪ್ಪಿನ ಅಡಿಯಲ್ಲಿ ಬರೆದಿರುವುದನ್ನು ಓದಿಕೊಳ್ಳುವುದು ಒಳ್ಳೆಯದು. ಕನ್ನಡ ನಾಡಿನ ಪಾವು, ಅಚ್ಚೇರು, ಸೇರುಗಳಲ್ಲೂ ಇಂಥದೇ ತೊಡಕಿತ್ತು: ಒಂದು ಪಾವು ಅಕ್ಕಿ, ಒಂದು ಪಾವು ರಾಗಿಹಿಟ್ಟು ಸಮತೂಗುವುದಿಲ್ಲ. 1956ರ ತೂಕ ಮತ್ತು ಅಳತೆ ಮಾನಕ ಕಾಯಿದೆ ಅಂಗಡಿಗೆ ಕಿಲೋಗ್ರಾಂ ತಂದರೂ ಅನೇಕ ಮನೆಗಳಲ್ಲಿ ಪಾವು ಉಳಿದುಕೊಂಡಿತು.

ಡಿಜಿಟಲ್ ತಕ್ಕಡಿ ಅಗ್ಗವಾದ ಮೇಲೆ ಗ್ರಾಂ ಲೆಕ್ಕ ಮನೆಗಳಿಗೂ ಹರಡಿದೆ. ಚಿಟಿಕೆ ಸಾಮಗ್ರಿಯಲ್ಲಿ ಮಾತ್ರ ಚಮಚ ಗಟ್ಟಿಯಾಗಿ ನಿಂತಿದೆ. ಒಂದು ಗ್ರಾಂಗಿಂತ ಸಣ್ಣ ವ್ಯತ್ಯಾಸ ತೋರಿಸದ ತಕ್ಕಡಿಯಲ್ಲಿ ಅರ್ಧ ಟೀ ಚಮಚ ಅಡುಗೆ ಸೋಡಾ ತೂಗುವುದಕ್ಕಿಂತ ಚಮಚದಲ್ಲಿ ಅಳೆಯುವುದೇ ಲೇಸು. ಉಪ್ಪಿಗೆ ಈ ಮಾತು ಸಲ್ಲದು: ಟೀ ಚಮಚ ಪುಡಿಯುಪ್ಪು ಸುಮಾರು 6 ಗ್ರಾಂ ಇದ್ದರೆ, ಅಮೆರಿಕದಲ್ಲಿ ಬಳಕೆಯಲ್ಲಿರುವ ಹಗುರವಾದ ಕೋಶರ್ ಉಪ್ಪು ಅದೇ ಚಮಚದಲ್ಲಿ ಸುಮಾರು 3 ಗ್ರಾಂ ಮಾತ್ರ.