ಸಂಖ್ಯೆಯ ಚಿಹ್ನೆ ಮತ್ತು ಸೊನ್ನೆಯ ಸ್ಥಾನ

ವರ್ಗ ಸಮೀಕರಣದ ಮೂಲಗಳ ಸ್ವಭಾವವನ್ನು ತಿಳಿಯಲು ಶೋಧಕದ ಚಿಹ್ನೆಯನ್ನು ನೋಡುತ್ತೀರಿ, ಅಲ್ಲವೇ? ಕಣ್ಣಿಗೆ ಇದು ಸುಲಭ. ಗಣಕಕ್ಕೆ ಹೇಳಿಕೊಡುವುದು ಹೇಗೆ? ಸಂಖ್ಯೆಯನ್ನು ಅದರ ನಿರಪೇಕ್ಷ ಬೆಲೆಯಿಂದ ಭಾಗಿಸಬಹುದು. −7ನ್ನು 7ರಿಂದ ಭಾಗಿಸಿದರೆ −1. 7ನ್ನು 7ರಿಂದ ಭಾಗಿಸಿದರೆ +1. ಆದರೆ ಸಂಖ್ಯೆ ಸೊನ್ನೆಯಾದರೆ ಭಾಜಕವೂ ಸೊನ್ನೆ! ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ಸೊನ್ನೆಗೆ ಪ್ರತ್ಯೇಕ ಸ್ಥಾನ ಬೇಕೆಂಬುದು ಹಳೆಯ ತಿಳಿವು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಧನ, ಋಣ, ಶೂನ್ಯ ಈ ಮೂರರ ಗಣಿತಕ್ಕೂ ನಿಯಮಗಳನ್ನು ಕೊಟ್ಟ. 19ನೆಯ ಶತಮಾನದಲ್ಲಿ ಜರ್ಮನಿಯ ಲಿಯೊಪೋಲ್ಡ್ ಕ್ರೋನೆಕರ್ ಚಿಹ್ನೆಯನ್ನೇ ಒಂದು ಫಲನವಾಗಿ ಬಳಸಿದ. ಇದೇ 'ಸಿಗ್ನಮ್' ಫಲನ. ಲ್ಯಾಟಿನ್‌ನಲ್ಲಿ ಈ ಪದಕ್ಕೆ ಗುರುತು ಎಂದರ್ಥ. ಅದರ ಬೆಲೆ ಧನಕ್ಕೆ +1, ಋಣಕ್ಕೆ −1, ಸೊನ್ನೆಗೆ 0.

ಗಣಕ ಭಾಷೆಗಳು ಈ ಮೂರು ದಾರಿಗಳನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸಿದವು. 1957ರಲ್ಲಿ ಐಬಿಎಂ 704 ಗಣಕಕ್ಕಾಗಿ ಬಂದ ಫೋರ್ಟ್ರಾನ್‌ನ 'ಇಫ್' ಆದೇಶದಲ್ಲಿ ಮೂರು ಕವಲುಗಳಿದ್ದವು: ಬೆಲೆ ಋಣವಾದರೆ ಒಂದು, ಸೊನ್ನೆಯಾದರೆ ಇನ್ನೊಂದು, ಧನವಾದರೆ ಮತ್ತೊಂದು. 1960ರ ಆಲ್ಗಾಲ್ ವರದಿ 'ಸೈನ್' ಎಂಬ ಸಿದ್ಧ ಫಲನವನ್ನೇ ಸೂಚಿಸಿತು. ಕೆಮೆನಿ ಮತ್ತು ಕರ್ಟ್ಸ್ 1964ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿ ರೂಪಿಸಿದ ಬೇಸಿಕ್ ಭಾಷೆಗೆ ಮುಂದೆ 'ಎಸ್‌ಜಿಎನ್' ಸೇರಿತು. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಗಣಕಗಳಲ್ಲೂ ಈ ಫಲನವಿತ್ತು.

ಹೆಸರು ಒಂದೇ ಆದರೂ ಕೆಲಸ ಒಂದೇ ಆಗಿರಬೇಕಿಲ್ಲ. ಫೋರ್ಟ್ರಾನ್ 77ರ 'ಸೈನ್' ಎರಡು ಸಂಖ್ಯೆಗಳನ್ನು ಕೇಳುತ್ತದೆ. ಎರಡನೆಯದರ ಚಿಹ್ನೆಯನ್ನು ಮೊದಲನೆಯದಕ್ಕೆ ತೊಡಿಸುತ್ತದೆ. ಎರಡನೆಯದು ಸೊನ್ನೆಯಾದರೆ ಅದನ್ನು ಧನದೊಂದಿಗೇ ಸೇರಿಸುತ್ತದೆ.

ಇದರಿಂದೇನು ತೊಂದರೆ ಎನ್ನುವಿರಾ? x² − 6x + 9 = 0 ಸಮೀಕರಣವನ್ನು ತೆಗೆದುಕೊಳ್ಳಿ. ಶೋಧಕ 36 − 36 = 0; ಎರಡೂ ಮೂಲಗಳು 3. ಬೇಸಿಕ್‌ನ ಎಸ್‌ಜಿಎನ್ ಇಲ್ಲಿ 0 ಕೊಟ್ಟು ಮೂಲಗಳು ಸಮವೆಂದು ತಿಳಿಸುತ್ತದೆ. ಫೋರ್ಟ್ರಾನ್‌ನ ಸೈನ್‌ಗೆ 1 ಮತ್ತು ಶೋಧಕವನ್ನು ಕೊಟ್ಟರೆ ಉತ್ತರ +1. ಅದನ್ನೇ ನಂಬಿದ ಪ್ರೋಗ್ರಾಮ್, ಮೂಲಗಳು ಭಿನ್ನವೆಂದು ಸಾರುತ್ತದೆ! ಗಣಕ ತಪ್ಪು ಸೂಚನೆ ಕೊಡುವುದಿಲ್ಲ; ತಪ್ಪು ಉತ್ತರ ಮಾತ್ರ ಕೊಡುತ್ತದೆ.

ಆದ್ದರಿಂದ ಯಾವುದೇ ಭಾಷೆಯ ಸಿದ್ಧ ಫಲನವನ್ನು ಬಳಸುವ ಮುನ್ನ −7, 0, 7 ಈ ಮೂರನ್ನೂ ಕೊಟ್ಟು ನೋಡಿ. ತರಗತಿಯಲ್ಲಿ ಮಕ್ಕಳಿಂದಲೂ ಮಾಡಿಸಿ. ನಡುವಣ ಉತ್ತರವನ್ನು ವಿಶೇಷವಾಗಿ ಗಮನಿಸಿ.